ಬ್ರೇಕ್ ಒತ್ತಿ ತೋರಿಸಿ

ಗಾಡಿ ತಪಾಸಣೆ ಮಾಡೋ ಇನ್ಸ್‌ಪೆಕ್ಟರ್ ಅಂತ ಗೊತ್ತಾದ್ರೆ ಮದುವೆ ಮನೆಯಲ್ಲೂ ನೆಮ್ಮದಿಯಾಗಿ ಉಣ್ಣೋಕೆ ಬಿಡಲ್ಲ. "ವರ್ಷಾ ವರ್ಷಾ ತಪಾಸಣೆ ಅಂತ ಕಾನೂನು ಯಾಕ್ರೀ ಬೇಕು?" ಅಂತ ಪಕ್ಕದ ಎಲೆಯವರು ಶುರು ಮಾಡ್ತಾರೆ. ನನಗೆ ವಾದ ಬರಲ್ಲ, ನಡೆದದ್ದು ಹೇಳ್ತೀನಿ. ತೊಂಬತ್ತರ ದಶಕದಲ್ಲಿ ಕೆ.ಆರ್. ಪುರದ ಕಡೆ ಒಂದು ಮೈದಾನದಲ್ಲಿ ಆಟೋ, ಟ್ಯಾಕ್ಸಿಗಳಿಗೆ ಎಫ್‌ಸಿ, ಅಂದ್ರೆ ಓಡೋಕೆ ಯೋಗ್ಯ ಅನ್ನೋ ಸರ್ಟಿಫಿಕೇಟು, ಕೊಡ್ತಿದ್ದೆ. ವಾರಕ್ಕೊಂದಾದ್ರೂ ಇಂಥದ್ದು ನಡೀತಿತ್ತು.

೧. ಪಾಸಾದ ಟೈರು

ಶಿವಾಜಿನಗರದಿಂದ ಐದು ಆಟೋ ಒಟ್ಟಿಗೆ ಬಂದವು. ಮೊದಲನೇದರ ಸ್ಟೆಪ್ನಿ ಟೈರು ಚೆನ್ನಾಗಿತ್ತು, ಅದರ ಮೇಲೆ ಚಾಕ್‌ಪೀಸಲ್ಲಿ ಟಿಕ್ ಹಾಕಿದೆ. ಎರಡನೇ ಆಟೋಗೆ ಬಂದ್ರೆ, ನಾನು ಹಾಕೋಕೆ ಮುಂಚೆನೇ ಸ್ಟೆಪ್ನಿ ಮೇಲೆ ಟಿಕ್!

"ಏನಪ್ಪಾ ಇದು?"

"ಒಂದ್ಸಲ ಪಾಸಾಗಿದ್ದಕ್ಕೆ ಮತ್ತೆ ಪರೀಕ್ಷೆ ಯಾಕೆ ಸಾರ್?"

ಐದನ್ನೂ ವಾಪಸ್ ಕಳಿಸಿದೆ. ಮುಂದಿನ ವಾರ ಐದು ಆಟೋ, ಐದು ಟೈರು. ಒಂದೊಂದರ ಮೇಲೂ ಬಿಳಿ ಪೇಂಟಲ್ಲಿ ಬರೆದಿತ್ತು: 'ಇದು ನಂದೇ'.

೨. ಹ್ಯಾಂಡ್ ಬ್ರೇಕು

ಕಂಟೋನ್ಮೆಂಟ್ ಕಡೆಯ ಹಳೇ ಟ್ಯಾಕ್ಸಿ. ಡ್ರೈವರ್ ಅದಕ್ಕಿಂತ ಹಳಬರು. "ಹ್ಯಾಂಡ್ ಬ್ರೇಕ್ ಹಾಕಿ" ಅಂದೆ. ನಿಧಾನಕ್ಕೆ ಇಳಿದು, ಡಿಕ್ಕಿ ತೆಗೆದು, ಒಂದು ಸೈಜುಗಲ್ಲು ತಂದು ಚಕ್ರಕ್ಕೆ ಕೊಟ್ಟರು.

"ಇದೇನು ಯಜಮಾನ್ರೇ?"

"ಹ್ಯಾಂಡಲ್ಲೇ ತಾನೇ ಹಾಕಿದ್ದು?"

ಸರ್ಟಿಫಿಕೇಟ್ ಕೊಡಲಿಲ್ಲ. ಬೈದುಕೊಂಡು ಹೋದವರು ಮರುವಾರ ಬ್ರೇಕ್ ಸರಿ ಮಾಡಿಸ್ಕೊಂಡು ಬಂದ್ರು. ಕಲ್ಲು ಮಾತ್ರ ಡಿಕ್ಕಿಯಲ್ಲೇ ಇತ್ತು. ಯಾಕೆ ಅಂತ ಕೇಳಿದ್ದಕ್ಕೆ, "ಇಷ್ಟು ವರ್ಷ ಸರ್ವಿಸ್ ಮಾಡಿದೆ ಸಾಬ್. ಈಗ ರಿಟೈರ್ ಆಗಿ ಮನೇಲಿ ಕೂತಿದೆ."

೩. ನನ್ನ ಸ್ಕೂಟರು

ಒಂದು ಬೆಳಗ್ಗೆ ಹಲಸೂರಿನ ಆಟೋ ಒಂದನ್ನ ಬ್ರೇಕ್ ಸರಿಯಿಲ್ಲ ಅಂತ ಫೇಲ್ ಮಾಡಿದೆ. ಡ್ರೈವರ್ ಗೊಣಗಿಕೊಂಡು ಹೋದ. ಸಂಜೆ ಮನೆಗೆ ಹೋಗ್ತಿದ್ದೀನಿ, ಹಲಸೂರಲ್ಲಿ ಮುಂದಿದ್ದ ಆಟೋ ಗಕ್ಕನೆ ನಿಂತಿತು. ನನ್ನ ಸ್ಕೂಟರ್ ನಿಲ್ಲಲಿಲ್ಲ. ಹಿಂದಿನಿಂದ ಡಬ್ ಅಂತ ಗುದ್ದಿಬಿಟ್ಟೆ. ಇಳಿದವನು ಬೆಳಗ್ಗೆ ಫೇಲ್ ಆದವನೇ! ನನ್ನ ಕಡೆ ತಿರುಗಲಿಲ್ಲ. ಆಟೋ ಮುಂದೆ ಒಂದೇ ಗೇಣು ದೂರದಲ್ಲಿ ನಡುಗ್ತಾ ನಿಂತಿದ್ದ ಅಜ್ಜಿಯ ಕೈ ಹಿಡಿದು ರಸ್ತೆ ದಾಟಿಸಿ ಬಂದ.

"ಮಧ್ಯಾಹ್ನ ತಾನೇ ಬ್ರೇಕ್ ಮಾಡಿಸ್ದೆ ಸಾರ್. ಇಲ್ದಿದ್ರೆ..." ಅಂದವನು ನನ್ನ ಸ್ಕೂಟರ್ ನೋಡಿದ. "ನಿಮ್ದಕ್ಕೆ ಎಫ್‌ಸಿ?"

"ಸ್ವಂತ ಗಾಡಿಗೆ ಹದಿನೈದು ವರ್ಷ ಬೇಕಾಗಿಲ್ಲಪ್ಪ."

"ಅದು ಬ್ರೇಕಿಗೆ ಗೊತ್ತಾ ಸಾರ್?"

ಕೈ ಹಿಂದೆ ಕಟ್ಟಿ ಥೇಟ್ ನನ್ನ ಥರಾನೇ ಒಂದು ಸುತ್ತು ಬಂದ. "ಬ್ರೇಕ್ ಒತ್ತಿ." ಒತ್ತಿದೆ. ಒಂದು ಬೆರಳಲ್ಲಿ ತಳ್ಳಿದ, ಸ್ಕೂಟರ್ ಆರಾಮಾಗಿ ಮುಂದೆ ಹೋಯ್ತು.

"ಫೇಲ್!"

ಅವನೇ ಮೆಕ್ಯಾನಿಕ್ ಹತ್ರ ಕರ್ಕೊಂಡು ಹೋದ. ಅಲ್ಲಿಂದ ಈಚೆಗೆ ಕಾನೂನು ಕೇಳದಿದ್ರೂ ವರ್ಷಕ್ಕೊಂದ್ಸಲ ಸ್ಕೂಟರ್ ತಗೊಂಡು ಹಲಸೂರು ಆಟೋ ಸ್ಟ್ಯಾಂಡಿಗೆ ಅವನ ಹತ್ರ ತಪಾಸಣೆಗೆ ಹೋಗೋಕೆ ಶುರು ಮಾಡಿದೆ. ಮೊದಲನೇ ವರ್ಷ ಹೋದಾಗ ಅವನು ಇರಲಿಲ್ಲ. ಸ್ಟ್ಯಾಂಡಿನವರು ನನ್ನನ್ನ ಕಲ್ಲುಬೆಂಚಿನ ಮೇಲೆ ಕೂರಿಸಿ ಗಂಭೀರವಾಗಿ ಅಂದ್ರು: "ಇನ್ಸ್‌ಪೆಕ್ಟರ್ ಸಾಹೇಬ್ರು ಊಟಕ್ಕೆ ಹೋಗಿದ್ದಾರೆ. ಕಾಯ್ಬೇಕು."