ಮುಗಿಯಬಾರದ ರಿಪೇರಿ

ಕೆಲವರ ಕೈಗುಣ ಒಳ್ಳೆಯದು. ಅವರು ಒಣಕಡ್ಡಿ ಚುಚ್ಚಿದರೂ ಚಿಗುರುತ್ತದೆ. ಹಾಲಿಗೆ ಹೆಪ್ಪು ಹಾಕಿದರೆ ಲಂಡನ್ನಿನ ಜನವರಿಯಲ್ಲೂ ಗಟ್ಟಿ ಮೊಸರಾಗುತ್ತದೆ. ನನ್ನದು ಆ ಜಾತಿಯ ಕೈಯಲ್ಲ. ವಿನಯಕ್ಕೆ ಹೇಳುತ್ತಿದ್ದೇನೆ ಅಂದುಕೊಳ್ಳಬೇಡಿ, ಸಾಕ್ಷಿಗಳಿದ್ದಾರೆ. ನಾವು ಮೊದಲು ವೆಂಬ್ಲಿಯ ಫ್ಲ್ಯಾಟಿನಲ್ಲಿದ್ದಾಗ ಅಡಿಗೆಮನೆಯ ನಲ್ಲಿ ತೊಟ್ಟಿಕ್ಕುತ್ತಿತ್ತು. ಇಷ್ಟಕ್ಕೆಲ್ಲ ಪ್ಲಂಬರ್ ಯಾಕೆ ಎಂದು ಒಂದು ಭಾನುವಾರ ತೋಳು ಮಡಚಿ ನಿಂತೆ. ಅರ್ಧ ಗಂಟೆಯೊಳಗೆ ತೊಟ್ಟಿಕ್ಕುವುದು ನಿಂತಿತು, ಯಾಕೆಂದರೆ ಅದು ಧಾರೆಯಾಗಿತ್ತು. ಕೆಳಗಿನ ಫ್ಲ್ಯಾಟಿನ ಗುಜರಾತಿ ಅಜ್ಜಿ ಬಕೆಟ್ ಹಿಡಿದು ಮೇಲೆ ಬಂದರು. ಪಾಪ, ಬೈಯಲಿಲ್ಲ. ಬಕೆಟ್ಟನ್ನು ನನ್ನ ಕೈಗೆ ಕೊಟ್ಟು, ನೀನು ಕಂಪ್ಯೂಟರ್ ಕೆಲಸದವನಲ್ಲವೇನಪ್ಪಾ, ಅದನ್ನೇ ಮಾಡಿಕೊಂಡಿರಬಾರದೇ ಎಂದು ಕೇಳಿ ಇಳಿದುಹೋದರು.

ಇಂಥವನು ಹಳೇ ಪಿಕಪ್ ಗಾಡಿ ಕೊಂಡು ಮನೆಯ ಮುಂದೆ ಇಟ್ಟುಕೊಂಡು ಹೊಸದು ಮಾಡುತ್ತೇನೆಂದು ಹೊರಟದ್ದು ಯಾಕೆ ಎಂದು ನೀವು ಕೇಳಬಹುದು. ನನ್ನ ಹೆಂಡತಿ ಸುಮಂಗಲಾ ಕೇಳಿ ಸಾಕಾಗಿದ್ದಾಳೆ. ನಲವತ್ತೈದು ದಾಟಿದ ಮೇಲೆ ಗಂಡಸಿಗೆ ಏನೋ ಒಂದು ತಗಲಿಕೊಳ್ಳುತ್ತದೆ. ನನ್ನ ಆಫೀಸಿನಲ್ಲಿ ಒಬ್ಬ ಓಡಲು ಶುರು ಮಾಡಿದ, ಇನ್ನೊಬ್ಬ ಮನೆಯಲ್ಲೇ ಬ್ರೆಡ್ಡು ಮಾಡಲು ಹಿಡಿದ. ನಾನು ವಿಡಿಯೋ ನೋಡಿದೆ. ಅದರಲ್ಲಿ ಒಬ್ಬ ಪುಣ್ಯಾತ್ಮ ತುಕ್ಕಿನ ಗುಡ್ಡೆಯಂಥ ಪಿಕಪ್ಪೊಂದನ್ನು ಹದಿನೆಂಟು ನಿಮಿಷದಲ್ಲಿ ಫಳಫಳ ಮಾಡಿ, ನಗುತ್ತಾ ಅದರಲ್ಲಿ ಕೂತು ಹೊರಟೇಹೋಗುತ್ತಾನೆ. ಸಾಲದ್ದಕ್ಕೆ ಈ ಊರಿನಲ್ಲಿ ನಲವತ್ತು ವರ್ಷ ದಾಟಿದ ಗಾಡಿಗೆ ಭಾರೀ ಮರ್ಯಾದೆ. ಹೊಗೆಯ ಸುಂಕವಿಲ್ಲ, ವರ್ಷವರ್ಷದ ತಪಾಸಣೆಯೂ ಕಡ್ಡಾಯವಲ್ಲ. ನಲವತ್ತು ದಾಟಿದ ಗಂಡಸಿಗೆ ಇಂಥ ಒಂದು ರಿಯಾಯಿತಿಯೂ ಇಲ್ಲ. ಹಾಗಾಗಿ ಹುಡುಕಿ ಹುಡುಕಿ ನಲವತ್ತು ದಾಟಿದ್ದನ್ನೇ ತಂದೆ. ತಂದೆ ಅನ್ನುವುದೂ ಸುಳ್ಳೇ, ಅದು ಇನ್ನೊಂದು ಲಾರಿಯ ಬೆನ್ನ ಮೇಲೆ ಮಲಗಿಕೊಂಡು ಬಂತು. ಲಂಡನ್ನಿನ ಅಂಚಿನ ಹೇಸ್‌ನ ನಮ್ಮ ಸಾಲುಮನೆಯ ಮುಂದೆ ಲಾರಿ ನಿಂತಾಗ ಸುಮಂಗಲಾ ಬಾಗಿಲಿಗೆ ಬಂದು, ಇದನ್ನ ಒಯ್ಯಾಕ ಬಂದಾರೋ ಇಳಸಾಕ ಬಂದಾರೋ ಎಂದು ಕೇಳಿದಳು. ಅವಳು ಹುಬ್ಬಳ್ಳಿಯವಳು, ನಾನು ಮೈಸೂರಿನವನು. ನಮ್ಮಲ್ಲಿ ಇಂಥ ಪ್ರಶ್ನೆಗೆ ಮುಂಚೆ ಒಂದು ಲೋಟ ನೀರಾದರೂ ಕೊಡುತ್ತಾರೆ.

ಎರಡು ವರ್ಷ ಪಿಕಪ್ಪು ಹಾಗೇ ನಿಂತಿತ್ತು. ನಾನು ಏನೂ ಮಾಡಲಿಲ್ಲ ಅಂತಲ್ಲ. ಬಿಚ್ಚುವ ಕೆಲಸ ಪೂರ್ತಿ ಮಾಡಿದ್ದೆ. ಬಿಚ್ಚಿದ್ದನ್ನೆಲ್ಲ ಐಸ್‌ಕ್ರೀಮ್ ಡಬ್ಬಿಗಳಲ್ಲಿ ಹಾಕಿ, ಮುಚ್ಚಳದ ಮೇಲೆ ಹೆಸರು ಬರೆದು, ಯೂನಿವರ್ಸಿಟಿಗೆ ಹೋದ ಮಗಳ ರೂಮಿನಲ್ಲಿ ಜೋಡಿಸಿದ್ದೆ. ಆರು ಡಬ್ಬಿಗಳ ಮೇಲೆ 'ಇತರೆ' ಎಂದಿತ್ತು. ಆಮೇಲೆ ಚಳಿ ಬಂತು, ಗಾಡಿಯ ಮೇಲೆ ನೀಲಿ ಟಾರ್ಪಾಲು ಹೊದಿಸಿದೆ. ಚಳಿ ಹೋದರೂ ಟಾರ್ಪಾಲು ಹೋಗಲಿಲ್ಲ.

ಹೀಗಿರುವಾಗ ನಮ್ಮ ಮಾವನವರು ಬಂದರು. ಹುಬ್ಬಳ್ಳಿಯ ಬಸ್ ಡಿಪೋದಲ್ಲಿ ಹೆಡ್ ಮೆಕ್ಯಾನಿಕ್ ಆಗಿ ನಿವೃತ್ತರಾದವರು. ಅತ್ತೆಯವರಿಲ್ಲ. ದೊಡ್ಡ ಮಗನ ಮನೆಯಲ್ಲಿ ಮೊಮ್ಮಕ್ಕಳು, ಓಣಿಯ ತುಂಬ ಗೆಳೆಯರು, ಅವರಿಗೆ ಯಾವುದಕ್ಕೂ ಕಡಿಮೆಯಿಲ್ಲ. ಬರಲು ಮನಸ್ಸೇ ಇರಲಿಲ್ಲ. ಮಗಳು ವರ್ಷಗಟ್ಟಲೆ ಗೋಗರೆದು ಆರು ತಿಂಗಳಿಗೆಂದು ಕರೆಸಿಕೊಂಡಿದ್ದಳು. ಎರಡು ವಾರ ಚೆನ್ನಾಗಿದ್ದರು. ಈಲಿಂಗ್ ರೋಡಿನ ಅಂಗಡಿಗಳನ್ನು ನೋಡಿದರು, ಟ್ಯೂಬ್ ಹತ್ತಿ ಇಳಿದರು, ಹೀಥ್ರೂಗೆ ಇಳಿಯುವ ವಿಮಾನಗಳನ್ನು ಹಿತ್ತಲಿನಲ್ಲಿ ಕುರ್ಚಿ ಹಾಕಿಕೊಂಡು ನೋಡಿದರು. ಮೂರನೆಯ ವಾರ ಒಂದು ಬೆಳಿಗ್ಗೆ ಚಹಾ ಕುಡಿಯುತ್ತಾ, ಉಣ್ಣೂದು ಮಲಗೂದು ಎಷ್ಟು ದಿನಾ ಮಾಡ್ಲಿ, ಮುಂದಿನ ವಾರದ ಟಿಕೆಟ್ ತಗಸ್ರಿ ಎಂದುಬಿಟ್ಟರು. ಸುಮಂಗಲಾ ಎದ್ದು ಒಳಗೆ ಹೋದಳು. ನಾನು ಹಿಂದೆಯೇ ಹೋದೆ. ಸಿಂಕಿನ ಮುಂದೆ ನಿಂತು ಅಳುತ್ತಿದ್ದಳು.

'ಹುಟ್ಟಿದಾಗಿಂದ ಅಪ್ಪನ್ನ ನಾ ಒಂದು ತಿಂಗಳು ಸೈತ ಮನ್ಯಾಗ ನೋಡಿಲ್ಲರೀ,' ಎಂದಳು. 'ಬಸ್ ಕೆಟ್ಟು ನಿಂತ್ರ ಹೋಗೂದು. ಹಬ್ಬ ಬಂತಂದ್ರ ಹೆಚ್ಚಿಗಿ ಬಸ್ ಬಿಡ್ತಾರಂತ ಹೋಗೂದು. ದೀಪಾವಳಿಗೆ ನಮಗ ಎಣ್ಣಿ ಹಚ್ಚಿದಾಕಿ ಅವ್ವನ. ಇದೊಂದು ಆರು ತಿಂಗಳು ನನ್ನ ಪಾಲಿಗೆ ಬರಲಿ ಅಂದಿದ್ದೆ.'

ನಾನು ಹೊರಗೆ ಬರುವಷ್ಟರಲ್ಲಿ ಮಾವನವರು ಟಾರ್ಪಾಲಿನ ಒಂದು ಮೂಲೆ ಎತ್ತಿ ನೋಡುತ್ತಿದ್ದರು. ಇದನ್ನ ಬಿಚ್ಚಿದಾಂವ ಯಾಂವ ಎಂದು ಕೇಳಿದರು. ನಾನೇ ಎಂದೆ. ಅವರು ನನ್ನನ್ನು ಒಮ್ಮೆ, ಗಾಡಿಯನ್ನು ಒಮ್ಮೆ ನೋಡಿ, ಅಳಿಯನಿಗೆ ಕೊಡಬೇಕಾದ ಗೌರವವನ್ನು ನೆನಪಿಸಿಕೊಂಡರು. ಒಳಗೆ ಹೋಗಿ ಹಳೇ ಪ್ಯಾಂಟು ಹಾಕಿಕೊಂಡು ಬಂದರು. ಟಿಕೆಟ್ಟಿನ ಮಾತು ಕೇಳಿದ್ದಕ್ಕೆ, ಗಾಡಿ ಮುಗೀಲಿ, ಆಮ್ಯಾಲ ನೋಡೂಣು ಎಂದರು.

ಅಂದಿನಿಂದ ನಮ್ಮ ಮನೆಯ ಮುಂಭಾಗ ಡಿಪೋ ಆಯಿತು. ನನ್ನ ಹೊಳೆಯುವ ಟೂಲ್‌ಬಾಕ್ಸನ್ನು ಮಾವನವರು ಒಪ್ಪಿಗೆಯಾಗದ ಹೆಣ್ಣು ನೋಡಿದವರ ಹಾಗೆ ದೂರದಿಂದ ನೋಡಿ ಮುಚ್ಚಿಟ್ಟರು. ಹದಿನಾಲ್ಕು-ಹದಿನೈದರ ಪಾನಾ ಕೊಡ್ರಿ ಎಂದು ಗಾಡಿಯ ಕೆಳಗಿನಿಂದ ಕೈ ಚಾಚಿದರೆ ನಾನು ಹನ್ನೆರಡು-ಹದಿಮೂರರ ಸ್ಪ್ಯಾನರ್ ಕೊಡುತ್ತಿದ್ದೆ. ಅವರು ಬೆರಳಿನಲ್ಲೇ ಗುರುತು ಹಿಡಿದು ವಾಪಸ್ಸು ಕೊಡುತ್ತಿದ್ದರು. ಪಕ್ಕದ ಮನೆಯ ಡೆರೆಕ್, ಎಪ್ಪತ್ತು ದಾಟಿದ ಒಂಟಿ ಮನುಷ್ಯ, ಎರಡು ವರ್ಷ ಆ ಟಾರ್ಪಾಲನ್ನು ನೋಡಿ ತುಟಿಪಿಟಕ್ಕೆನ್ನದಿದ್ದವನು, ತನ್ನ ಗ್ರೈಂಡರನ್ನು ಎತ್ತಿಕೊಂಡು ಗೋಡೆ ದಾಟಿ ಬಂದ. ಇವರು ಕನ್ನಡದಲ್ಲಿ ಹೇಳುವರು, ಅವನು ಇಂಗ್ಲಿಷಿನಲ್ಲಿ ಹೌದೆನ್ನುವನು. ಕ್ಲಚ್ಚು, ಗೇರು, ಗ್ಯಾಸ್ಕೆಟ್ಟು, ಗ್ರೀಸು ಎಂಬ ನಾಲ್ಕು ಮಾತಿನಲ್ಲಿ ಇಬ್ಬರೂ ಮಧ್ಯಾಹ್ನದವರೆಗೆ ಹರಟುತ್ತಿದ್ದರು. ನಾನು ಇಪ್ಪತ್ತು ವರ್ಷದಿಂದ ಇಲ್ಲಿದ್ದೇನೆ, ಡೆರೆಕ್ ನನ್ನ ಜೊತೆ ಹವಾಮಾನ ಬಿಟ್ಟು ಬೇರೇನೂ ಆಡಿದ್ದಿಲ್ಲ.

ಸುಮಂಗಲಾ ಹೊಸ್ತಿಲ ಮೇಲೆ ಕೂತು ಬೀನ್ಸ್ ಹೆಚ್ಚುತ್ತಾ, ಗಾಡಿಯ ಕೆಳಗಿನಿಂದ ಹೊರಬಂದ ಎರಡು ಪಾದಗಳ ಜೊತೆ ಗಂಟೆಗಟ್ಟಲೆ ಮಾತಾಡುತ್ತಿದ್ದಳು. ಮುಖ ಕಾಣದಿದ್ದದ್ದರಿಂದಲೋ ಏನೋ, ಅಪ್ಪನನ್ನು ಎಂದೂ ಕೇಳದ ಮಾತೆಲ್ಲ ಕೇಳಿದಳು. ಅವ್ವ ಸಿಟ್ಟಾಗುತ್ತಿದ್ದಳೇ, ನಾನು ಹುಟ್ಟಿದ ದಿನ ನೀನು ಎಲ್ಲಿದ್ದೆ ಎಂದು. ಕೆಳಗಿನಿಂದ ಉತ್ತರ ಬರುತ್ತಿತ್ತು, ನಡುನಡುವೆ ಸುತ್ತಿಗೆಯ ಸದ್ದು. ಹುಟ್ಟಿದ ದಿನ ಧಾರವಾಡದ ದಾರಿಯಲ್ಲಿ ಒಂದು ಬಸ್ಸಿನ ಕೆಳಗೇ ಇದ್ದರಂತೆ. ಇಬ್ಬರೂ ನಕ್ಕರು. ಆ ನಗು ಕೇಳಿ ನನಗೆ ತುಂಬಾ ಸಂತೋಷವಾಯಿತು.

ಗಾಡಿಗೆ ಮಾವನವರು ಮಾಡಬೇಕೆಂದಿದ್ದ ಮಾರ್ಪಾಡುಗಳೂ ಇದ್ದವು. ಹಿಂದಿನ ತೊಟ್ಟಿಗೆ ಎರಡೂ ಕಡೆ ಹಲಗೆಯ ಬೆಂಚು ಹಾಕಿದರೆ ಹನ್ನೆರಡು ಜನ ಆರಾಮವಾಗಿ ಕೂರಬಹುದು ಎಂದರು. ಹಾಗೆಲ್ಲ ಕೂರಿಸಿದರೆ ಇಲ್ಲಿ ಪೊಲೀಸರು ಹಿಡಿಯುತ್ತಾರೆ ಎಂದೆ. 'ಹಿಂದ ಮಂದಿ ಕೂಡಂಗಿಲ್ಲಂದ್ರ ಇದು ಯಾವ ಸೀಮಿ ಪಿಕಪ್ರೀ?' ಎಂದು ನಿಜವಾಗಿಯೂ ನೊಂದುಕೊಂಡರು. ಕೊನೆಗೆ ಅಲ್ಲಿ ಡೆರೆಕ್ ಕೊಟ್ಟ ತೇಗದ ಹಲಗೆಯ ನೆಲ ಹಾಕಿ ಸಮಾಧಾನ ಮಾಡಿಕೊಂಡರು.

ತೊಂದರೆ ಏನಾಯಿತೆಂದರೆ, ಕೆಲಸ ಓಡುತ್ತಿತ್ತು. ನಾನು ಎರಡು ವರ್ಷದಲ್ಲಿ ಮಾಡದ್ದನ್ನು ಅವರು ಆರು ವಾರದಲ್ಲಿ ಮುಗಿಸುವ ಹಾಗಿದ್ದರು. ಒಂದು ಗುರುವಾರ, ನಾಳೆ ಎಂಜಿನ್ ಚಾಲೂ ಮಾಡೂಣು ಎಂದಾಗ ಸುಮಂಗಲಾ ನನ್ನನ್ನು ಅಡಿಗೆಮನೆಗೆ ಎಳೆದಳು. ಗಾಡಿ ಶುರುವಾದರೆ ಅಪ್ಪ ಹೊರಟರು ಅಂತಲೇ ಲೆಕ್ಕ, ಏನಾದರೂ ಮಾಡಿ ಎಂದಳು. ನಾನೇನು ಮಾಡಲಿ ಎಂದೆ.

'ನಿಮಗ ಕೆಡಸೂದು ಹೇಳಿಕೊಡಬೇಕೇನು?' ಎಂದಳು.

ಶುಕ್ರವಾರ ಬೆಳಿಗ್ಗೆ ಮಾವನವರು ಪೂಜೆಗೆ ಕೂತಿದ್ದಾಗ ಬಾನೆಟ್ ಎತ್ತಿ ಎರಡು ಪ್ಲಗ್ಗಿನ ವೈರುಗಳನ್ನು ಅದಲುಬದಲು ಮಾಡಿದೆ. ಅವರು ಬಂದು ಕೀ ತಿರುಗಿಸಿದರು. ಎಂಜಿನ್ ಕೆಮ್ಮಿತು, ಹೊಗೆ ಬಿಟ್ಟಿತು, ನಿಂತಿತು. ಮತ್ತೆ ತಿರುಗಿಸಿದರು, ಮತ್ತೆ ಅದೇ. ಡೆರೆಕ್ ಗೋಡೆಯ ಆಚೆಯಿಂದ ನೋಡುತ್ತಿದ್ದ. ಮಾವನವರು ಬಾನೆಟ್ಟಿನೊಳಗೆ ಒಂದು ಕ್ಷಣ ಬಗ್ಗಿ, ತಲೆಯೆತ್ತಿ, ಇನ್ನೂ ಎರಡು ವಾರ ಬೇಕಾಗ್ತದ ನೋಡ್ರಿ ಎಂದು ಹಣೆ ಒರೆಸಿಕೊಂಡರು. ಬದುಕಿಡೀ ಕೆಟ್ಟ ಬಸ್ಸುಗಳನ್ನು ಎಬ್ಬಿಸಿದ ಮನುಷ್ಯ, ಪರದೇಶದಲ್ಲಿ, ನೆರೆಯವನ ಎದುರು ಸೋತು ನಿಲ್ಲುವ ಹಾಗೆ ಮಾಡಿದೆನಲ್ಲ ಎನಿಸಿತು. ಇನ್ನು ಇಂಥ ಕೆಲಸ ಮಾಡಕೂಡದು ಎಂದು ಅಂದೇ ಆಣೆ ಹಾಕಿಕೊಂಡೆ. ಅಷ್ಟೇ ಅಲ್ಲ, ಪ್ರಾಯಶ್ಚಿತ್ತವಾಗಿ ಇನ್ನು ಮುಂದೆ ಮನಸ್ಸಿಟ್ಟು ಅವರಿಗೆ ಸಹಾಯ ಮಾಡಬೇಕು ಎಂದು ನಿಶ್ಚಯಿಸಿದೆ.

ಮಾಡಿದೆ ಕೂಡ. ಶುಕ್ರವಾರ ಮನೆಯಿಂದಲೇ ಆಫೀಸು, ಹಾಗಾಗಿ ವಾರಕ್ಕೆ ಮೂರು ದಿನ ನನ್ನದೇ ಕೈಚಳಕ. ಲೈಟಿನ ವೈರಿಂಗ್ ನಾನು ವಹಿಸಿಕೊಂಡೆ, ವಿಡಿಯೋ ನಿಲ್ಲಿಸಿ ನಿಲ್ಲಿಸಿ ನೋಡಿ ಒಂದೊಂದೇ ತಂತಿ ಜೋಡಿಸಿದೆ. ಎಡಕ್ಕೆ ಇಂಡಿಕೇಟರ್ ಹಾಕಿದರೆ ವೈಪರ್ ಓಡಿತು. ಬಾಗಿಲಿನ ಗಾಜು ಕೂರಿಸಿದೆ. ಇಳಿಯಿತು, ಆಮೇಲೆ ಏರಲಿಲ್ಲ. ಬಾನೆಟ್ಟಿಗೆ ನಾನೇ ನಿಂತು ಹಸಿರು ಬಣ್ಣ ಹೊಡೆದೆ. ಮಳೆ ಬರುವ ಹಾಗಿದೆ ಎಂದು ಒಣಗುವ ಮುಂಚೆಯೇ ಮುಚ್ಚಿದೆ, ಅದು ಹಾಗೇ ಅಂಟಿಕೊಂಡಿತು. ಅದನ್ನು ಬಿಡಿಸಲು ಡೆರೆಕ್ ಮತ್ತು ಮಾವನವರಿಗೆ ಮೂರು ದಿನ ಹಿಡಿಯಿತು. ಬ್ರೇಕಿನ ವಿಷಯ ನಾನು ಹೇಳುವುದಿಲ್ಲ, ಮಾವನವರು ಸಕಾಲದಲ್ಲಿ ನೋಡಿದರು ಎಂದಷ್ಟೇ ಹೇಳುತ್ತೇನೆ. ಒಂದು ಸರಿಯಾಗುವಷ್ಟರಲ್ಲಿ ನಾನು ಇನ್ನೊಂದಕ್ಕೆ ಕೈ ಹಾಕಿರುತ್ತಿದ್ದೆ. ಮಾವನವರು ಪ್ರತಿ ಸಲವೂ ನನ್ನ ಕಡೆ ನೋಡಿ ಮೀಸೆಯಲ್ಲೇ ನಗುತ್ತಿದ್ದರು. ಎಂಥ ತಾಳ್ಮೆಯ ಮನುಷ್ಯ ಎಂದುಕೊಂಡೆ. ಹೀಗೆ ಬೇಸಿಗೆ ಕಳೆಯಿತು, ಆಗಸ್ಟ್ ಹೋಯಿತು, ಸೆಪ್ಟೆಂಬರ್ ಬಂತು.

ವೀಸಾ ಮುಗಿಯಲು ವಾರವಿದ್ದಾಗ ಪಿಕಪ್ಪು ಶುರುವಾಯಿತು. ಆ ಸಲ ನನ್ನನ್ನು ಯಾವ ಕೆಲಸಕ್ಕೂ ಹಚ್ಚದೆ ಚಹಾ ತರಲು ಕಳಿಸಿದ್ದರು. ಕಡ್ಡಾಯವಲ್ಲದಿದ್ದರೂ ಇರಲಿ ಎಂದು ಹತ್ತಿರದ ಗ್ಯಾರೇಜಿಗೆ ಒಯ್ದು ತಪಾಸಣೆ ಮಾಡಿಸಿದೆವು. ಅಲ್ಲಿನವನು ಎಲ್ಲ ನೋಡಿ, ಇದನ್ನು ಯಾರು ಮಾಡಿದ್ದು ಎಂದು ಕೇಳಿದ. ನಾನು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಅವನು ಮಾವನವರ ಕೈಯ ಗ್ರೀಸು ನೋಡಿ ಅವರ ಕೈ ಕುಲುಕಿದ.

ಹೊರಡುವ ದಿನ ಅದೇ ಗಾಡಿಯಲ್ಲಿ ಹೀಥ್ರೂಗೆ ಹೊರಟೆವು. ಹಿಂದೆ ಅವರ ಎರಡು ಪೆಟ್ಟಿಗೆ, ಮುಂದಿನ ಒಂದೇ ಸೀಟಿನಲ್ಲಿ ಮೂವರು, ನಡುವೆ ಮಾವನವರು. ಡೆರೆಕ್ ರಸ್ತೆಯವರೆಗೆ ಬಂದು ಟೋಪಿ ತೆಗೆದು ನಿಂತಿದ್ದ. ಸಿಗ್ನಲ್ಲಿನಲ್ಲಿ ಗಾಡಿ ನಿಂತಾಗ ಮಾವನವರು ನನ್ನ ತೊಡೆಯ ಮೇಲೆ ಕೈಯಿಟ್ಟರು.

'ಅಳಿಯಂದ್ರ, ನನಗ ಅವತ್ತ ಗೊತ್ತಾತು,' ಎಂದರು. 'ಪ್ಲಗ್ಗಿನ ವೈರ್ ತಾನಾಗೇ ಅದಲಬದಲ ಆಗಂಗಿಲ್ಲ. ಅಳಿಯಂದ್ರು ಬಾಯಿಬಿಟ್ಟು ಇರ್ರಿ ಅನ್ನಾಕ ನಾಚಿ ಹಿಂಗ ಹೇಳಾಕತ್ತಾರ, ಇರಲಿ ಅಂತ ನಾನೂ ಎರಡು ವಾರ ಬೇಕಂದೆ. ಆದರ ನೀವು ಅಲ್ಲಿಗೇ ಬಿಡಲಿಲ್ಲ. ಇಂಡಿಕೇಟರ್ ಹಾಕಿದ್ರ ವೈಪರ್ ಓಡೂಹಂಗ ಮಾಡಿದ್ರಿ, ಬಾನೆಟ್ ಅಂಟಿಸಿದ್ರಿ, ಬ್ರೇಕ್ ಉಲ್ಟಾ ಹಾಕಿದ್ರಿ. ಬೇಕಂತ ಮಾಡಿದ ಹೊರತು ಯಾವ ಮನುಷ್ಯಾಗೂ ಅಷ್ಟು ಕೆಡಸಾಕ ಬರಂಗಿಲ್ಲ. ನಾಕು ತಿಂಗಳು ಒಬ್ಬ ಮುದುಕನ್ನ ಇಟ್ಕೊಳ್ಳಾಕ ಇಷ್ಟು ಕಷ್ಟಪಟ್ಟ ಅಳಿಯ ನಮ್ಮ ಕಡೆ ಯಾರಿಗೂ ಸಿಕ್ಕಿಲ್ಲ.'

ನಾನು ಬಾಯಿ ತೆರೆದೆ. ಹಿಂದಿನ ಕಾರಿನವನು ಹಾರ್ನ್ ಒತ್ತಿದ. ಹಸಿರಾಗಿತ್ತು, ಹೊರಟೆ.

ಮಾವನವರನ್ನು ಬಿಟ್ಟು ಬರುವಾಗ ಸುಮಂಗಲಾ ಬಹಳ ಹೊತ್ತು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಮನೆಯ ತಿರುವು ಬಂದಾಗ ಕಣ್ಣೊರೆಸಿಕೊಂಡು ಈ ಕಡೆ ತಿರುಗಿದಳು. 'ನಾ ಹೇಳಿದ್ದು ಒಂದ ಸಲರೀ. ಆಮ್ಯಾಲಿಂದೆಲ್ಲಾ ನನ್ನ ಸಲುವಾಗಿ ನೀವಾಗೇ ಕೆಡಸಿದ್ರೇನು?' ಎಂದಳು. ಮದುವೆಯಾಗಿ ಇಪ್ಪತ್ತೆರಡು ವರ್ಷ, ಅವಳು ನನ್ನನ್ನು ಅಂಥ ಕಣ್ಣಿನಲ್ಲಿ ನೋಡಿ ಎಷ್ಟು ಕಾಲವಾಗಿತ್ತೋ ನೆನಪಿಲ್ಲ. ನಿಮ್ಮ ಹತ್ತಿರ ಸುಳ್ಳೇಕೆ, ನಾನು ಕೆಡಿಸಿದ್ದು ಒಂದೇ ಒಂದು. ಉಳಿದದ್ದನ್ನೆಲ್ಲ ನಾನು ರಿಪೇರಿ ಮಾಡಿದ್ದು.

'ಮತ್ತೆ ಇನ್ಯಾರಿಗೋಸ್ಕರ?' ಎಂದೆ, ಇದೆಲ್ಲ ಕೇಳಬೇಕೇ ಎನ್ನುವ ದನಿಯಲ್ಲಿ, ರಸ್ತೆಯ ಮೇಲಿನ ಕಣ್ಣು ತೆಗೆಯದೆ.