ನನ್ನ ಒಂದು ಪುಟದ ಬಯೋಡೇಟಾ

ನಮ್ಮನ್ನು ನಾವೇ ಹೊಗಳಿಕೊಳ್ಳಬಾರದು ಎಂದು ಚಿಕ್ಕಂದಿನಿಂದ ತಲೆಗೆ ಮೊಟಕಿ ಕಲಿಸಿದ ಲೋಕವೇ, ನಮಗೊಂದು ಕೆಲಸ ಬೇಕೆಂದಾಗ ಬಿಳಿ ಹಾಳೆಯೊಂದನ್ನು ಮುಂದಿಟ್ಟು ‘ಎಲ್ಲಿ, ಹೊಗಳಿಕೋ ನೋಡೋಣ’ ಎನ್ನುತ್ತದೆ. ಈ ಪರೀಕ್ಷೆಯಲ್ಲಿ ನಾನು ಹನ್ನೊಂದು ಸಲ ಫೇಲಾದವಳು. ಹನ್ನೆರಡನೆಯ ಸಲ ಪಾಸಾದೆ. ಕೆಲವರಿಗೆ ತಮ್ಮ ಮಕ್ಕಳ ಬಗ್ಗೆ ಜಂಬವಿರುತ್ತದೆ, ಕೆಲವರಿಗೆ ತಾವು ಕಟ್ಟಿಸಿದ ಮನೆಯ ಬಗ್ಗೆ, ನಮ್ಮ ಬೀದಿಯ ಕೊನೆಮನೆಯವರಿಗೆ ತಾವು ಹಾಕಿದ ಮಾವಿನಕಾಯಿ ಉಪ್ಪಿನಕಾಯಿಯ ಬಗ್ಗೆ. ನನಗೆ ಜಂಬವಿರುವುದು ಒಂದೇ ಒಂದು ಹಾಳೆಯ ಬಗ್ಗೆ. ಮೊದಲೇ ಹೇಳಿಬಿಡುತ್ತೇನೆ, ಜಂಬ ಸಹಿಸದವರು ಇಲ್ಲಿಗೇ ಓದು ನಿಲ್ಲಿಸಬಹುದು.

ಎಂಬತ್ತರ ದಶಕದ ಕೊನೆಯ ಮಾತು. ನನ್ನ ಯಜಮಾನರು ಪಶು ಆಸ್ಪತ್ರೆಯಲ್ಲಿ ಕಾಂಪೌಂಡರ್. ಮದುವೆಯಾದಾಗ ಜಗಳೂರಿನಲ್ಲಿದ್ದರು, ಆಮೇಲೆ ಹೊನ್ನಾಳಿಗೆ ವರ್ಗವಾಯಿತು. ನಾನು ಚನ್ನಗಿರಿಯ ಹುಡುಗಿ. ಮದುವೆಗೆ ಮುಂಚೆಯೇ ಅಲ್ಲಿ ಇಂಗ್ಲಿಷ್ ಟೈಪಿಂಗ್ ಸೀನಿಯರ್, ಕನ್ನಡ ಜೂನಿಯರ್ ಪರೀಕ್ಷೆ ಮುಗಿಸಿಕೊಂಡಿದ್ದೆ. ಅಷ್ಟೆಲ್ಲ ಕಲಿತ ಬೆರಳುಗಳು ಹೊನ್ನಾಳಿಯಲ್ಲಿ ಬರೀ ರೊಟ್ಟಿ ಬಡಿಯುತ್ತಿವೆಯಲ್ಲ ಎಂದು ನನಗೆ ಸಂಕಟ. ಪೇಪರಿನಲ್ಲಿ ‘ಬೇಕಾಗಿದ್ದಾರೆ’ ಎಂದು ಕಂಡಲ್ಲಿಗೆಲ್ಲ ಅರ್ಜಿ ಹಾಕಿದೆ. ಹನ್ನೊಂದು ಅರ್ಜಿ ಹೋದವು. ಒಂದಕ್ಕೂ ಸಂದರ್ಶನಕ್ಕೆ ಬನ್ನಿ ಎಂಬ ಕಾಗದ ಬರಲಿಲ್ಲ. ‘ನಿಮ್ಮನ್ನು ತೆಗೆದುಕೊಳ್ಳುವುದಿಲ್ಲ’ ಎಂದು ಬರೆದಿದ್ದರೂ ಒಂದು ಸಮಾಧಾನವಿರುತ್ತಿತ್ತು. ಯಾರೋ ಓದಿದರಲ್ಲ ಅಂತ. ಅಂಚೆಯವರು ನಮ್ಮ ಮನೆ ಮುಂದೆ ಬಂದಾಗ ಸೈಕಲ್ಲನ್ನು ಸ್ವಲ್ಪ ಜೋರಾಗಿ ತುಳಿಯುತ್ತಾರೇನೋ ಎಂಬ ಅನುಮಾನ ನನಗೆ ಬರತೊಡಗಿತ್ತು.

ಈಗ ನನ್ನ ಆ ಹಳೆಯ ಬಯೋಡೇಟಾದ ವಿಷಯ ಹೇಳಬೇಕು. ಅದು ನಾಲ್ಕು ಪುಟವಿತ್ತು. ಬಯೋಡೇಟಾ ಹೇಗಿರುತ್ತದೆ ಎಂದು ನಾನು ಕಂಡಿರಲಿಲ್ಲ. ಕಂಡಿದ್ದು ಒಂದೇ: ನನ್ನ ಮದುವೆಯ ಕಾಲಕ್ಕೆ ಅಪ್ಪ ವರನ ಕಡೆಯವರಿಗೆಂದು ಬರೆಸಿದ್ದ ಪಟ್ಟಿ. ಅದನ್ನೇ ಮಾದರಿಯಾಗಿ ಇಟ್ಟುಕೊಂಡೆ. ಆ ಪಟ್ಟಿಯಿಂದ ಗಂಡ ಸಿಕ್ಕಿದ್ದರು, ಕೆಲಸ ಯಾಕೆ ಸಿಗಬಾರದು? ಹಾಗಾಗಿ ಮೊದಲ ಪುಟದಲ್ಲಿ ತಂದೆ, ತಾತ, ಅವರ ಊರು, ಸೋದರಮಾವಂದಿರ ಉದ್ಯೋಗ. ಎರಡನೆಯದರಲ್ಲಿ ಎತ್ತರ, ಮೈಬಣ್ಣ, ಎಡ ಮೊಣಕೈ ಹತ್ತಿರದ ಮಚ್ಚೆ, ಸಿಡುಬಿನ ಲಸಿಕೆ ಹಾಕಿಸಿಕೊಂಡದ್ದು. ಮೂರನೆಯದರಲ್ಲಿ ರಂಗೋಲಿ, ಕಸೂತಿ, ಹೈಸ್ಕೂಲಿನ ನಿಂಬೆಹಣ್ಣು-ಚಮಚದ ಓಟದಲ್ಲಿ ತೃತೀಯ ಬಹುಮಾನ. ನಾಲ್ಕನೆಯ ಪುಟದ ನಡುವಿನಲ್ಲಿ ಎಲ್ಲೋ, ನಾಚಿಕೊಂಡು ಬಾಗಿಲ ಮರೆಯಲ್ಲಿ ನಿಂತ ಹುಡುಗಿಯಂತೆ, ‘ಟೈಪಿಂಗ್ ಬರುತ್ತದೆ’.

ಹೀಗಿರುವಾಗ ಪೇಪರಿನಲ್ಲಿ ಎರಡು ಬೆರಳಗಲದ ಜಾಹೀರಾತೊಂದು ಕಂಡಿತು. ದಾವಣಗೆರೆಯಲ್ಲಿ ಹೊಸದಾಗಿ ತೆರೆದ ಕಂಪ್ಯೂಟರ್ ಕೇಂದ್ರವೊಂದಕ್ಕೆ ಡೇಟಾ ಎಂಟ್ರಿ ಆಪರೇಟರುಗಳು ಬೇಕಾಗಿದ್ದಾರೆ. ಪರೀಕ್ಷೆ ಬರೆದವರ ಹೆಸರು, ಅಂಕಗಳನ್ನು ಯಂತ್ರಕ್ಕೆ ತುಂಬುವ ಕೆಲಸ. ಆರು ತಿಂಗಳ ಕಾಂಟ್ರಾಕ್ಟು. ಯಜಮಾನರು ಅದನ್ನು ಎರಡು ಸಲ ಓದಿ, “ಕಾಂಟ್ರಾಕ್ಟು ಅಂದ್ರೆ ರಸ್ತೆಗೆ ಜಲ್ಲಿ ಹೊಡ್ಸೋದಲ್ಲೇನೆ?” ಎಂದರು. ನಾನು ಅರ್ಜಿ ಹಾಕಿಯೇ ತೀರುವುದೆಂದು ಹಟ ಹಿಡಿದಾಗ ಅವರೇ ಒಂದು ಉಪಾಯವನ್ನೂ ಕೊಟ್ಟರು. “ಕಂಪ್ಯೂಟರ್ ಬರ್ತೈತೆ ಅಂತ ಒಂದು ಸಾಲು ಹಾಕ್ಬಿಡು. ಅವರೇನು ಹೊನ್ನಾಳಿಗೆ ಬಂದು ನೋಡ್ತಾರಾ?” ನಾನು ಆ ವಸ್ತುವನ್ನು ಪೇಪರಿನ ಚಿತ್ರದಲ್ಲಿ ಮಾತ್ರ ನೋಡಿದ್ದೆ. ಆದರೂ ಹಾಕಿದೆ. ಹನ್ನೊಂದು ಸಲ ಸೋತವಳಿಗೆ ಸತ್ಯದ ಮೇಲೆ ಅಷ್ಟೇನೂ ಮಮತೆ ಉಳಿದಿರುವುದಿಲ್ಲ.

ಆ ಅರ್ಜಿ ಅಂಚೆಪೆಟ್ಟಿಗೆಗೆ ಬೀಳದಂತೆ ತಡೆದದ್ದು ಒಂದು ಎಮ್ಮೆ. ನ್ಯಾಮತಿಯಲ್ಲಿ ಹಾಲೇಶಪ್ಪನವರೆಂದು ನಿವೃತ್ತ ಹೆಡ್‌ಕ್ಲಾರ್ಕ್ ಒಬ್ಬರಿದ್ದರು. ಅವರ ಎಮ್ಮೆಗೆ ಹೊಟ್ಟೆಯುಬ್ಬರವಾದಾಗ ಯಜಮಾನರು ಕ್ಯಾಂಪಿಗೆ ಹೋದಲ್ಲಿ ಔಷಧಿ ಕುಡಿಸಿ ಉಳಿಸಿದ್ದರು. ಮೂವತ್ತು ವರ್ಷ ಕಚೇರಿಯಲ್ಲಿ ಬಂದ ಅರ್ಜಿಗಳನ್ನು ಬೇಕಾದ್ದು ಬೇಡದ್ದು ಎಂದು ಆರಿಸುವುದೇ ಅವರ ಕೆಲಸವಾಗಿತ್ತೆಂದು ತಿಳಿದು, ಯಜಮಾನರು ಆ ಭಾನುವಾರ ನನ್ನನ್ನೂ ನನ್ನ ನಾಲ್ಕು ಪುಟವನ್ನೂ ಬಸ್ಸು ಹತ್ತಿಸಿಕೊಂಡು ನ್ಯಾಮತಿಗೆ ಕರೆದುಕೊಂಡು ಹೋದರು.

ಹಾಲೇಶಪ್ಪನವರು ಜಗುಲಿಯ ಮೇಲೆ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದರು. ಹಾಗೇ ನನ್ನ ಮೊದಲ ಪುಟ ನೋಡಿದರು. ಸುಣ್ಣ ಹಚ್ಚಿ ಮುಗಿಯಿತು. ಕಾಗದವನ್ನು ಪಕ್ಕಕ್ಕಿಟ್ಟು ಎಲೆ ಬಾಯಿಗಿಟ್ಟುಕೊಂಡರು.

“ಇನ್ನೂ ಮೂರು ಪುಟ ಐತೆ ಸಾರ್,” ಎಂದೆ.

“ಇರ್ಲಿ ತಾಯಿ. ನಾನು ಅರ್ಜಿ ನೋಡ್ತಿದ್ದದ್ದು ಇಷ್ಟೇ ಹೊತ್ತು. ಒಂದು ಎಲೆಗೆ ಸುಣ್ಣ ಹಚ್ಚೋವಷ್ಟು. ಅಷ್ಟರಾಗೆ ನಿಮ್ಮ ಸೋದರಮಾವ ಏನು ಮಾಡ್ತಾರೆ ಅಂತ ಗೊತ್ತಾತು. ನಿಮಗೇನು ಬರ್ತೈತೆ ಅಂತ ಗೊತ್ತಾಗ್ಲಿಲ್ಲ.”

ನನಗೆ ಅಳು ಬರುವಂತಾಯಿತು. ಮಾವನ ಉದ್ಯೋಗ ಓದಿದರೆ ಮನೆತನ ಒಳ್ಳೆಯದೆಂದು ತಿಳಿಯುತ್ತದಲ್ಲ ಎಂದೆ. “ಅವ್ರು ಸೊಸೆ ನೋಡಾಕೆ ಬಂದಿಲ್ಲವಲ್ರೀ,” ಎಂದರು. ಯಜಮಾನರು ಆಗ ನಕ್ಕದ್ದನ್ನು ನಾನು ಇನ್ನೂ ಕ್ಷಮಿಸಿಲ್ಲ.

ಆಮೇಲೆ ಆ ಹಿರಿಯರು ನಾಲ್ಕೂ ಪುಟ ಓದಿದರು. ‘ಕಂಪ್ಯೂಟರ್ ಬರುತ್ತದೆ’ ಎಂಬಲ್ಲಿ ಬೆರಳಿಟ್ಟು, “ಬರ್ತೈತಾ?” ಎಂದರು. ನಾನು ಯಜಮಾನರ ಕಡೆ ನೋಡಿದೆ. ಯಜಮಾನರು ಎಮ್ಮೆಯ ಕಡೆ ನೋಡಿದರು. ಹಾಲೇಶಪ್ಪನವರು ಏನೂ ಬೈಯದೆ ಆ ಸಾಲಿನ ಮೇಲೆ ಗೀಟು ಎಳೆದು, “ಜಗಳೂರಿನಾಗೆ ಎಂಟು ತಿಂಗಳು ಟೆಂಪರರಿ ಟೈಪಿಸ್ಟ್ ಅಂತ ಹಾಕೀರಿ. ಅಲ್ಲಿ ಏನು ಮಾಡಿದ್ರಿ?” ಎಂದು ಕೇಳಿದರು.

“ಮತದಾರರ ಪಟ್ಟಿ ಟೈಪ್ ಮಾಡಿದೆ.”

“ಟೈಪ್ ಎಲ್ಲಾರೂ ಮಾಡ್ತಾರೆ. ನೀವು ಏನು ಮಾಡಿದ್ರಿ?”

ಇಂಥ ಪ್ರಶ್ನೆಯನ್ನು ಅಲ್ಲಿಯವರೆಗೆ ಯಾರೂ ನನಗೆ ಕೇಳಿರಲಿಲ್ಲ. ಹೇಳಬೇಕೋ ಬೇಡವೋ ಎಂದುಕೊಳ್ಳುತ್ತಲೇ ಒಂದು ಸಂಗತಿ ಹೇಳಿದೆ. ಒಂದು ದಿನ ಕೈಬರಹದ ಪಟ್ಟಿಯಲ್ಲಿ ಒಂದು ಮನೆಯ ಅತ್ತೆಗೆ ಇಪ್ಪತ್ತಾರು ವರ್ಷ, ಸೊಸೆಗೆ ಎಪ್ಪತ್ತೊಂದು ವರ್ಷ ಎಂದಿತ್ತು. ನಗು ಬಂತು. ಮುಂದಿನ ಮನೆಯಲ್ಲೂ ಅದೇ ಕಥೆ, ಅದರ ಮುಂದಿನದರಲ್ಲೂ ಅದೇ. ಆಗ ನಗು ನಿಂತಿತು. ಬೆರಳಿಟ್ಟು ಸಾಲುಸಾಲಾಗಿ ನೋಡಿದರೆ, ನಕಲು ಮಾಡಿದವರು ವಯಸ್ಸಿನ ಅಂಕಣದಲ್ಲಿ ಒಂದು ಸಾಲು ಹಾರಿಸಿದ್ದರು. ಇಡೀ ಬೀದಿಯಲ್ಲಿ ಪ್ರತಿಯೊಬ್ಬರಿಗೂ ಕೆಳಗಿನವರ ವಯಸ್ಸು ಅಂಟಿಕೊಂಡಿತ್ತು. ಇದ್ದದ್ದನ್ನು ಇದ್ದ ಹಾಗೆ ಹೊಡೆದುಬಿಡಿ ಎಂದು ಪಕ್ಕದ ಮೇಜಿನವರು ಅಂದರೂ ನಾನು ಒಪ್ಪಲಿಲ್ಲ. ಹಳ್ಳಿಯಿಂದ ಮೂಲ ಪುಸ್ತಕ ಬರುವ ತನಕ ಎರಡು ದಿನ ಆ ಹಾಳೆಗಳನ್ನು ಮುಟ್ಟಲಿಲ್ಲ. ಪುಸ್ತಕ ಬಂತು, ನೋಡಿದರೆ ನಾನು ಹೇಳಿದ್ದೇ ಸರಿ. ಸೊಸೆಯಂದಿರೆಲ್ಲ ಮತ್ತೆ ಚಿಕ್ಕವರಾದರು.

ಹಾಲೇಶಪ್ಪನವರು ಎಲೆ ಅಗಿಯುವುದನ್ನು ನಿಲ್ಲಿಸಿದ್ದರು. “ಇದನ್ನ ಯಾಕೆ ಬರೀಲಿಲ್ಲ ತಾಯಿ?”

“ಇದಕ್ಕೆ ಸರ್ಟಿಫಿಕೇಟ್ ಕೊಟ್ಟಿಲ್ಲವಲ್ಲ ಸಾರ್.”

“ನಿಂಬೆಹಣ್ಣಿಗೆ ಕೊಟ್ಟವ್ರೆ ಅಂತ ಅದನ್ನ ಬರದ್ರಿ! ಅಲ್ರೀ, ಮನುಷ್ಯ ಮಾಡಿದ ಒಳ್ಳೆ ಕೆಲಸಕ್ಕೆಲ್ಲ ಸೀಲು ಹೊಡ್ಸಾಕೆ ಆಗ್ತೈತಾ?”

ನಾನು ಹೊನ್ನಾಳಿಗೆ ಬಂದು ಬಜಾರಿನ ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಕೂತು ಅದನ್ನು ಒಂದೇ ಪುಟಕ್ಕಿಳಿಸಿದೆ. ಇಳಿಸುವುದು ಸುಲಭವಲ್ಲ. ತಾತನನ್ನು ತೆಗೆದುಹಾಕುವ ಮುಂಚೆ ಅವರ ಕ್ಷಮೆ ಕೇಳಿದೆ. ಮಚ್ಚೆ ಹೋಯಿತು, ಸೋದರಮಾವಂದಿರು ಸಾಲಾಗಿ ಹೋದರು, ತೃತೀಯ ಬಹುಮಾನವನ್ನು ಎರಡು ಸಲ ತೆಗೆದು ಮೂರು ಸಲ ಹಾಕಿ ಕೊನೆಗೆ ಕಣ್ಣು ಮುಚ್ಚಿಕೊಂಡು ಬಿಟ್ಟೆ. ಮೇಲೆ, ಅವರು ಜಾಹೀರಾತಿನಲ್ಲಿ ಏನು ಕೇಳಿದ್ದರೋ ಅದು: ಟೈಪಿಂಗ್, ವೇಗ. ಅದರ ಕೆಳಗೆ ಜಗಳೂರಿನ ಕೆಲಸ, ಸಾಲು ಹಾರಿದ್ದನ್ನು ಕಂಡುಹಿಡಿದದ್ದು. ಕೊನೆಯಲ್ಲಿ, ಬೇಡ ಬೇಡವೆಂದು ಯಜಮಾನರು ತಲೆ ಅಲ್ಲಾಡಿಸುತ್ತಿದ್ದರೂ, ‘ಕಂಪ್ಯೂಟರ್ ನೋಡಿಲ್ಲ, ಕಲಿಯುತ್ತೇನೆ’. ಒಂಬತ್ತು ಸಲ ಟೈಪ್ ಮಾಡಿದೆ. ಒಂಬತ್ತನೆಯ ಹಾಳೆಯನ್ನು ಯಂತ್ರದಿಂದ ಎಳೆದಾಗ ಅದರಲ್ಲಿದ್ದ ಹೆಂಗಸನ್ನು ನಾನೇ ಕೆಲಸಕ್ಕೆ ತೆಗೆದುಕೊಳ್ಳುತ್ತಿದ್ದೆ.

ಹದಿನೈದನೆಯ ದಿನಕ್ಕೆ ಅಂಚೆಯವರು ಸೈಕಲ್ ನಿಲ್ಲಿಸಿದರು.

ಸಂದರ್ಶನಕ್ಕೆ ಬಂದವರಲ್ಲಿ ಬಹಳ ಮಂದಿ ನನಗಿಂತ ಚಿಕ್ಕವರು, ಚುರುಕಿನವರು. ಮೇಜಿನ ಆಚೆ ಕೂತಿದ್ದವರು ಕೇಂದ್ರದ ಮುಖ್ಯಸ್ಥೆ, ದಪ್ಪ ಕನ್ನಡಕದ ಒಬ್ಬ ಮೇಡಂ. ಪಕ್ಕದಲ್ಲಿ ಬಟ್ಟೆ ಹೊದಿಸಿದ ಕಂಪ್ಯೂಟರ್. ‘ಕಂಪ್ಯೂಟರ್ ಬರುತ್ತದೆ’ ಎಂದು ಬರೆದವರಿಗೆಲ್ಲ ಅವರು ಮೊದಲು ಬಟ್ಟೆ ತೆಗೆದು ಅದನ್ನು ಚಾಲೂ ಮಾಡಿ ಎನ್ನುತ್ತಿದ್ದರಂತೆ. ನನಗಿಂತ ಮುಂದೆ ಹೋಗಿದ್ದವರೊಬ್ಬರು ಹೊರಗೆ ಬಂದು, “ಹಾಳೆ ಹಾಕೋ ಜಾಗಾನೇ ಸಿಗ್ಲಿಲ್ಲ ಕಣ್ರೀ,” ಎಂದು ಹಣೆ ಒರೆಸಿಕೊಂಡರು. ನನ್ನ ಯಜಮಾನರ ಉಪಾಯವನ್ನು ನೆನೆದು, ನ್ಯಾಮತಿಯ ಆ ಎಮ್ಮೆಗೆ ಮನಸ್ಸಿನಲ್ಲೇ ಕೈ ಮುಗಿದೆ.

ಮೇಡಂ ನನಗೆ ಬಟ್ಟೆ ತೆಗೆಯಲು ಹೇಳಲಿಲ್ಲ. ನನ್ನ ಹಾಳೆಯನ್ನು ಕೈಯಲ್ಲಿ ಹಿಡಿದು, “ಈ ಸಾಲು ಹಾರಿದ ಕಥೆ ಏನಮ್ಮ?” ಎಂದರು. ದಾರಿಯುದ್ದಕ್ಕೂ ಬಸ್ಸಿನಲ್ಲಿ ಬಾಯಿಪಾಠ ಮಾಡಿಕೊಂಡು ಬಂದಿದ್ದ ಇಂಗ್ಲಿಷೆಲ್ಲ ಆ ಗಳಿಗೆಗೆ ಮಾಯವಾಯಿತು. ಚನ್ನಗಿರಿಯ ಕನ್ನಡವೇ ಹೊರಟಿತು. “ಇಪ್ಪತ್ತಾರು ವರ್ಷದ ಅತ್ತೆ, ಎಪ್ಪತ್ತೊಂದು ವರ್ಷದ ಸೊಸೀಗೆ ನೀರು ತಾ ಅಂದ್ರೆ ಹೆಂಗ್ ಮೇಡಂ?” ಎಂದುಬಿಟ್ಟೆ. ಅವರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ನಕ್ಕರು. ಆಮೇಲೆ ಗಂಭೀರವಾಗಿ, “ಈ ಯಂತ್ರ ಕೊಟ್ಟದ್ದನ್ನು ತಗೊಳ್ಳುತ್ತೆ, ಅಷ್ಟೆ. ಒಂದು ಸಾಲು ಹಾರಿದರೆ ಪಾಸಾದ ಮಕ್ಕಳೆಲ್ಲ ಫೇಲ್. ನನಗೆ ಬೇಕಾಗಿರೋದು ಬೆರಳಲ್ಲ, ಬೆರಳಿನ ಹಿಂದೆ ಕಣ್ಣು. ನಿಮ್ಮನ್ನು ಈ ಒಂದು ಸಾಲಿಗೇ ಕರೆಸಿದ್ದು. ಸೋಮವಾರದಿಂದ ಬನ್ನಿ,” ಎಂದರು.

ನಾನು ಮೆಟ್ಟಿಲಿಳಿದದ್ದು ನೆನಪಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಕಾಯುತ್ತಿದ್ದ ಯಜಮಾನರಿಗೆ ಹೇಳಿದಾಗ ಅವರು ನೇರ ಹೋಟೆಲಿಗೆ ಹೋಗಿ ಎರಡು ಪ್ಲೇಟ್ ಬೆಣ್ಣೆದೋಸೆ ಹೇಳಿದರು. ಮರುದಿನ ಬೀದಿಯಲ್ಲೆಲ್ಲ ನನಗೆ ಕಾಂಟ್ರಾಕ್ಟು ಸಿಕ್ಕಿದೆ ಎಂದು ಸುದ್ದಿ. ಎದುರುಮನೆಯ ಅಜ್ಜಿ ಬಂದು, “ನಮ್ಮ ಬಚ್ಚಲ ಹಿಂದೆ ಒಂದು ಗಾಡಿ ಜಲ್ಲಿ ಹಾಕಿಸ್ಕೊಡವ್ವ,” ಎಂದರು.

ಆರು ತಿಂಗಳ ಕೆಲಸ ಇನ್ನಾರು ತಿಂಗಳಿಗೆ ಮುಂದುವರಿಯಿತು. ಅಷ್ಟರಲ್ಲಿ ನನ್ನ ಹಾಳೆಯ ಕೀರ್ತಿ ಹಬ್ಬಿ, ಪ್ರತಿ ಭಾನುವಾರ ನಮ್ಮ ಜಗುಲಿ ತುಂಬತೊಡಗಿತು. ಒಂದು ಹಳೆಯ ಟೈಪ್‌ರೈಟರ್ ಕೊಂಡುಕೊಂಡೆ. ಸಾಸ್ವೆಹಳ್ಳಿಯಿಂದ ಬಂದವನೊಬ್ಬ ‘ಅನುಭವ: ಇಲ್ಲ’ ಎಂದು ಬರೆದುಕೊಂಡು ಬಂದಿದ್ದ. ಬಿಡಿಸಿ ಕೇಳಿದರೆ ಆರು ವರ್ಷದಿಂದ ಊರಿನ ಪಂಪ್‌ಸೆಟ್ಟುಗಳನ್ನೆಲ್ಲ ಅವನೇ ರಿಪೇರಿ ಮಾಡುತ್ತಿದ್ದ. “ಅದು ಹೊಲದ ಕೆಲಸ ಅಲ್ಲೇನ್ರಿ?” ಎಂದ. ಅದನ್ನೇ ಮೊದಲ ಸಾಲಾಗಿ ಹಾಕಿ ಕಳಿಸಿದೆ. ಕಾರ್ಖಾನೆಯೊಂದರಿಂದ ಅವನಿಗೆ ಕರೆ ಬಂತು. ಕತ್ತಲಗೆರೆಯವರು, ನ್ಯಾಮತಿಯವರು, ಜಗಳೂರಿನಿಂದ ಹಳೆಯ ಪರಿಚಯದವರು, ಹೀಗೆ ಎಷ್ಟು ಜನರ ತಾತಂದಿರನ್ನು ನಾನು ಬಯೋಡೇಟಾದಿಂದ ಹೊರಗೆ ಹಾಕಿದೆನೋ ಲೆಕ್ಕವಿಲ್ಲ. ಹಾಲೇಶಪ್ಪನವರು ಹೇಳಿದ ಮಾತನ್ನೆಲ್ಲ ನನ್ನದೇ ಎಂಬಂತೆ ಹೇಳುತ್ತಿದ್ದೆ. ಒಳಗಿನಿಂದ ಕೇಳಿಸಿಕೊಳ್ಳುತ್ತಿದ್ದ ಯಜಮಾನರು ಆಗಾಗ ಕೆಮ್ಮುತ್ತಿದ್ದರು.

ಒಂದು ದಿನ ಕಚೇರಿಯಲ್ಲಿ ಮೇಡಂ ಕಾಗದದ ಕಟ್ಟೊಂದನ್ನು ನನ್ನ ಮುಂದಿಟ್ಟರು. ಇನ್ನೊಬ್ಬ ಆಪರೇಟರ್ ಬೇಕಾಗಿತ್ತು. ಅರ್ಜಿ ಆರಿಸಿಕೊಡಿ ಎಂದರು. ಆ ಕುರ್ಚಿಯಲ್ಲಿ ನಾನು ಹೇಗೆ ಕೂತೆನೆಂಬುದನ್ನು ನೀವೇ ಊಹಿಸಿಕೊಳ್ಳಿ. ಮೊದಲನೆಯದನ್ನು ತೆಗೆದೆ. ಬಹಳ ಚೆನ್ನಾಗಿತ್ತು. ಎರಡನೆಯದೂ ಹಾಗೇ ಚೆನ್ನಾಗಿತ್ತು. ಐದನೆಯದಕ್ಕೆ ಬರುವಷ್ಟರಲ್ಲಿ ಗುಟ್ಟು ತಿಳಿಯಿತು. ಅದೇ ಒಂದು ಪುಟ, ಅದೇ ಅಂಚು, ‘ಇ’ ಅಕ್ಷರ ಸ್ವಲ್ಪ ಮೇಲೆ ಹಾರುವ ಅದೇ ನನ್ನ ಹಳೆಯ ಟೈಪ್‌ರೈಟರ್. ಕೊನೆಯಲ್ಲಿ ಎಲ್ಲರೂ ‘ಕಲಿಯುತ್ತೇನೆ’ ಎನ್ನುವವರೇ. ಮೇಡಂ ನನ್ನ ಹೆಗಲ ಮೇಲಿಂದ ಇಣುಕಿ, “ಇವರೆಲ್ಲ ಒಂದೇ ಮನೆಯವರೇನಮ್ಮ?” ಎಂದರು. ನಾನು ಬೇಗ ಬೇಗ ಉಳಿದ ಹಾಳೆಗಳನ್ನು ಮಗುಚಿದೆ.

ಕಟ್ಟಿನ ಅಡಿಯಲ್ಲಿ ನೀಲಿ ಶಾಯಿಯಲ್ಲಿ ದುಂಡಗೆ ಕೈಯಲ್ಲಿ ಬರೆದ ಒಂದೇ ಒಂದು ಅರ್ಜಿಯಿತ್ತು. ಉಬ್ರಾಣಿಯ ಹುಡುಗಿ ಗಿರಿಜಾ. ಹೆಸರು ನೋಡಿದ ಕೂಡಲೇ ಗುರುತಾಯಿತು. ಹೊನ್ನಾಳಿಯಲ್ಲಿ ಅಕ್ಕನ ಮನೆಗೆ ಬಂದಿದ್ದವಳು ಇದೇ ಕಾಗದ ಹಿಡಿದು ನಮ್ಮ ಜಗುಲಿಗೂ ಬಂದಿದ್ದಳು. ‘ಕೈಬರಹದ್ದನ್ನ ಯಾರೂ ಮೂಸಿ ನೋಡಲ್ಲ, ಮುಂದಿನ ವಾರ ಬಾ, ಟೈಪ್ ಮಾಡಿಕೊಡ್ತೀನಿ’ ಎಂದು ನಾನು ಕಳಿಸಿದ್ದೆ. ಮತ್ತೆ ಬಂದಿರಲಿಲ್ಲ. ಮೇಡಂ ಅದನ್ನು ಪೂರ್ತಿ ಓದಿ, “ನೋಡಿ, ಒಂದು ಚಿತ್ತಿಲ್ಲ, ಒಂದು ತಪ್ಪಿಲ್ಲ. ಇವಳನ್ನು ಕರೆಸಿ,” ಎಂದರು.

ಕೆಲಸಕ್ಕೆ ಸೇರಿದ ದಿನ ಗಿರಿಜಾಳನ್ನು ಕೇಳಿಯೇಬಿಟ್ಟೆ, ಟೈಪ್ ಮಾಡಿಸಲು ಯಾಕೆ ಬರಲಿಲ್ಲ ಎಂದು. ಅವಳು ತಲೆ ತಗ್ಗಿಸಿ, “ಬರೋಣ ಅಂತಿದ್ದೆ ಅಕ್ಕಾ. ನಿಮ್ಮ ಜಗುಲಿ ತುಂಬಾ ಜನ ಇದ್ರು. ಎಲ್ಲಾರದೂ ಒಂದೇ ನಮೂನೆ ಆಗ್ತೈತೆ, ಅದರಾಗೆ ನಂದು ಎಲ್ಲಿ ಕಾಣ್ತೈತೆ ಅನ್ನಿಸ್ತು,” ಎಂದಳು.

ಆ ಸಂಜೆ ಯಜಮಾನರು, ಹೊಸ ಹುಡುಗಿ ಹೇಗಿದ್ದಾಳೆ ಎಂದು ವಿಚಾರಿಸಿದರು. “ಭಾಳ ಚುರುಕು ರೀ. ನಮ್ಮ ಜಗುಲೀಲೇ ತಯಾರಾದವಳು,” ಎಂದು ಎದೆಯುಬ್ಬಿಸಿ ಹೇಳಿದೆ. ಸುಳ್ಳೇನಲ್ಲ. ಐದು ನಿಮಿಷ ನಿಂತಿದ್ದಳಲ್ಲ.