ಹಡಗಿನ ಊಟಕ್ಕೆ ಹೋದ ದೊಡ್ಡಪ್ಪ

ನಮ್ಮ ದೊಡ್ಡಪ್ಪ ಯಾರನ್ನೂ ನಂಬುತ್ತಿರಲಿಲ್ಲ ಎಂದು ನಮ್ಮ ಕಡೆಯವರೆಲ್ಲ ಹೇಳುತ್ತಾರೆ. ಶುದ್ಧ ಸುಳ್ಳು! ಅವರು ತಮ್ಮ ಎಮ್ಮೆಯನ್ನು ಪೂರ್ತಿ ನಂಬುತ್ತಿದ್ದರು. ಅದೂ ಹಾಲು ಕರೆದು ಆದ ಮೇಲೆ.

ಕೆರಗೋಡಿನಿಂದ ಮಂಡ್ಯಕ್ಕೆ ಹೊರಟರೆ ಬಸ್ಸಿನ ಬೋರ್ಡು ನೋಡಿ ಸುಮ್ಮನೆ ಹತ್ತುವ ಆಸಾಮಿಯಲ್ಲ. ಕಂಡಕ್ಟರನ್ನು ಕೇಳಿ, ಆಮೇಲೆ ಡ್ರೈವರನ್ನು ಬೇರೆಯಾಗಿ ಕೇಳಿ, ಇಬ್ಬರ ಮಾತೂ ತಾಳೆಯಾದರೆ ಮಾತ್ರ ಕೂರುತ್ತಿದ್ದರು. ದಾರಿಯಲ್ಲಿ ಯಾರಾದರೂ "ಚೆನ್ನಾಗಿದ್ದೀರಾ ಗೌಡ್ರೆ?" ಎಂದರೆ ಸಾಕು, "ಯಾಕ್ಲಾ? ಯಾರೇನಂದ್ರು?" ಎಂದು ನಿಂತುಬಿಡುತ್ತಿದ್ದರು.

ಇಂಥವರ ಮಗಳಿಗೆ ಸಂಬಂಧ ಬಂದದ್ದು ಎಲ್ಲಿಂದ ಅಂತೀರಿ? ಸಮುದ್ರದಿಂದ! ಎಪ್ಪತ್ತರ ದಶಕದ ನಡುವಿನ ಮಾತು. ಹುಡುಗ ಮಳವಳ್ಳಿಯವನು. ವಿದೇಶದ ಸಾಹುಕಾರರನ್ನು ದೇಶದೇಶ ಸುತ್ತಿಸುವ ಪ್ರವಾಸಿ ಹಡಗೊಂದರಲ್ಲಿ ಎಂಜಿನಿಯರು. ಮದುವೆಯಾದರೆ ಹೆಂಡತಿಯನ್ನೂ ಜೊತೆಗೆ ಇಟ್ಟುಕೊಳ್ಳಬಹುದಂತೆ. ರಜೆಗೆ ಬಂದಿದ್ದಾಗ ಹೆಣ್ಣು ನೋಡಿಕೊಂಡು ಹೋಗಿದ್ದ. ತಂಗಿ ಒಪ್ಪಿದ್ದಳು, ದೊಡ್ಡಮ್ಮ ಒಪ್ಪಿದ್ದರು. ದೊಡ್ಡಪ್ಪ ಮಾತ್ರ ಮೀಸೆಯ ತುದಿ ಕಚ್ಚಿಕೊಂಡು ಕೂತಿದ್ದರು.

"ಅಡಗ್ನೋರು ಕುಡೀತಾರೆ ಕಣ್ಲಾ," ಎಂದರು ನನ್ನೊಡನೆ. "ಸುತ್ತ ಇರೋದೆಲ್ಲಾ ಬಾಯ್ಗಿಡಕ್ಕಾಗ್ದಿರೋ ಉಪ್ನೀರು. ಇನ್ನೇನ್ ಕುಡ್ದಾರು?"

ಈ ತರ್ಕಕ್ಕೆ ಉತ್ತರ ಹೇಳುವ ಗಂಡಸು ಮಂಡ್ಯ ಜಿಲ್ಲೆಯಲ್ಲೇ ಇರಲಿಲ್ಲ!

ಸಂಗತಿ ಹುಡುಗನ ಕಿವಿಗೂ ಬಿತ್ತು. ಹಡಗು ಮದರಾಸಿನಲ್ಲಿ ಎರಡು ದಿನ ನಿಲ್ಲುತ್ತದೆ, ಕೆಲಸಗಾರರ ಮನೆಯವರು ಒಂದು ಸಂಜೆ ಊಟಕ್ಕೆ ಬರಬಹುದು, ಗೌಡರೇ ಬಂದು ಕಣ್ಣಾರೆ ನೋಡಲಿ ಎಂದು ಬರೆದ. ಒಂದೇ ಒಂದು ನಿಯಮ: ಗಂಡಸರು ಕೋಟು, ಷರಾಯಿ, ಬೂಟು, ಟೈ ಹಾಕಿಕೊಂಡಿರಬೇಕು. ಪಂಚೆ ಉಟ್ಟವರಿಗೆ ಊಟದ ಮನೆಗೆ ಪ್ರವೇಶವಿಲ್ಲ.

ನಾನು ಮದ್ದೂರಿನಲ್ಲಿ ಮೇಷ್ಟರಾಗಿದ್ದೆ. ಇಂಗ್ಲಿಷ್ ಬರುತ್ತದೆಂಬ ತಪ್ಪಿಗೆ ದೊಡ್ಡಪ್ಪನ ಜೊತೆ ಹೋಗುವ ಕೆಲಸ ನನ್ನ ತಲೆಗೆ ಬಂತು. ಕಾಗದ ಓದಿ ಹೇಳಿದ್ದೇ ತಡ, ಅವರು ಎದ್ದು ನಿಂತರು.

"ಏನಂದೆ? ಸಾರಾಯಿ ಆಕ್ಕೊಂಡ್ ಬನ್ನಿ ಅಂತ ಬರ್ದವ್ನಾ?"

"ಸಾರಾಯಿ ಅಲ್ಲ ದೊಡ್ಡಪ್ಪ, ಷರಾಯಿ! ಕಾಲಿಗೆ ಹಾಕ್ಕೊಳ್ಳೋದು!"

"ಇನ್ನೊಂದ್ಸಲ ಓದು. ನಿಧಾನಕ್ ಓದು."

ಇನ್ನೊಂದು ಸಲ ಓದಿದೆ. ನಿಧಾನಕ್ಕೇ ಓದಿದೆ. ಆಮೇಲೆ ಕಾಗದ ಇಸಕೊಂಡು ಮಗಳ ಕೈಯಲ್ಲಿ ಕೊಟ್ಟು ಅವಳಿಂದಲೂ ಓದಿಸಿದರು.

ಬಟ್ಟೆ ಹೊಲಿಸಲು ಮಂಡ್ಯಕ್ಕೆ ಹೋದೆವು. ದರ್ಜಿ ಕತ್ತರಿಸುವಷ್ಟು ಹೊತ್ತೂ ದೊಡ್ಡಪ್ಪ ಅವನ ಎದುರಿಗೆ ನಿಂತು, ಬಿದ್ದ ಚೂರುಗಳನ್ನೆಲ್ಲ ಟವೆಲ್ಲಿನಲ್ಲಿ ಗಂಟು ಕಟ್ಟಿಕೊಂಡರು.

"ಈ ಚೂರ್ನೆಲ್ಲಾ ಏನ್ ಮಾಡ್ತೀರಾ ಗೌಡ್ರೆ?" ಎಂದ ದರ್ಜಿ.

"ನೀನೇನ್ ಮಾಡ್ತಿದ್ದೋ ಅದ್ನೇ."

ಟೈ ನನ್ನದೇ ಕೊಟ್ಟೆ. ಅದನ್ನು ಕಟ್ಟಲು ನನ್ನನ್ನು ಹತ್ತಿರ ಬಿಡಬೇಕಲ್ಲ! "ಎಷ್ಟ್ ಎತ್ಗೆ ಕಣ್ಣಿ ಕಟ್ಟಿಲ್ಲ ನಾನು? ಎಳುದ್ರೆ ಬಿಗಿಯೋ ಗಂಟು ಕಟ್ಟೋನು ಕೊಲೆಗಾರ. ಎಳುದ್ರೆ ಬಿಚ್ಕೋಬೇಕು!" ಎಂದು ತಾವೇ ಒಂದು ಗಂಟು ಹಾಕಿಕೊಂಡರು. ನೋಡಿದವರಿಗೆ ದೊಡ್ಡಪ್ಪನನ್ನು ಯಾರೋ ಈಗತಾನೆ ಗೊಂತಿನಿಂದ ಬಿಚ್ಚಿ ತಂದಂತೆ ಕಾಣುತ್ತಿತ್ತು.

ಹೊರಡುವಾಗ ತಂಗಿ ಬಾಗಿಲಿಗೆ ಬಂದಳು. ಅವಳು ಮಾತಾಡುವುದೇ ಕಡಿಮೆ.

"ಅಪ್ಪಾ, ನಿನ್ ಅನ್ಮಾನ ಎಲ್ಲಾ ಅಲ್ಲೇ ತೀರಿಸ್ಕೊಂಡು ಬಾ. ಒಂದ್ನೂ ಮನೆಗೆ ವಾಪಸ್ ತರಬ್ಯಾಡ."

ರೈಲಿನಲ್ಲಿ ದೊಡ್ಡಪ್ಪ ನನ್ನ ಕಡೆ ಬಾಗಿ, "ಅವ್ಳಿಗೆ ಇಂಗನ್ನು ಅಂತ ನೀನ್ ಏಳ್ಕೊಟ್ಯಾ?" ಎಂದು ಕೇಳಿದರು.

ಮದರಾಸಿನ ಬಂದರಿನಲ್ಲಿ ಹಡಗು ನೋಡಿದ್ದೇ ನಾನು ಬಾಯಿ ಬಿಟ್ಟೆ. ದೊಡ್ಡಪ್ಪ ಹಡಗನ್ನು ನೋಡಲೇ ಇಲ್ಲ. ಅವರು ನೋಡಿದ್ದು ಹಗ್ಗ! ದಡದ ಕಬ್ಬಿಣದ ಗೂಟಕ್ಕೆ ಸುತ್ತಿದ್ದ ತೊಡೆ ಗಾತ್ರದ ಹಗ್ಗವನ್ನು ಅಲುಗಾಡಿಸಿ, ಒದ್ದು, "ಊಂ, ಗಟ್ಟಿ ಐತೆ. ನಾವ್ ಉಣ್ತಾ ಕೂತಿದ್ದಾಗ ಬಿಚ್ಚಿಬುಟ್ರೆ?" ಎಂದರು.

ಹುಡುಗ ಬಿಳಿಯ ಸಮವಸ್ತ್ರದಲ್ಲಿ ಬಂದು ಕೈಮುಗಿದ. ಊಟದ ಮನೆಯ ಬಾಗಿಲಲ್ಲಿದ್ದವನು ದೊಡ್ಡಪ್ಪನನ್ನು ಮೇಲಿಂದ ಕೆಳಗೆ ನೋಡಿದ. ಟೈ ಇತ್ತು, ಕೋಟು ಇತ್ತು, ಬೂಟು ಇತ್ತು. ಆದರೆ ಸೊಂಟದಿಂದ ಕೆಳಗೆ ಅವರು ಭತ್ತ ತುಂಬಿದ ಮೂಟೆಯ ಹಾಗಿದ್ದರಲ್ಲ, ಅದು ಏಕೆಂದು ಅವನಿಗೂ ತಿಳಿಯಲಿಲ್ಲ, ನನಗೂ ತಿಳಿಯಲಿಲ್ಲ. ದೊಡ್ಡಪ್ಪನ ಕಿವಿಯಲ್ಲಿ ಕೇಳಿದೆ.

"ಒಳಗೆ ಪಂಚೆ ಉಟ್ಟಿವ್ನಿ. ಆ ದರ್ಜಿ ಆಕಿರೋ ಗುಂಡಿ ನಂಬ್ಕೊಂಡು ನಾನು ಜನ್ರ ಮಧ್ಯ ಕೂರ್ಲಾ?"

ಮೇಜಿನ ಮೇಲೆ ತಲಾ ಮೂರು ಗಾಜಿನ ಲೋಟ. ದೊಡ್ಡಪ್ಪನ ಹುಬ್ಬು ಮೇಲೇರಿತು. "ಒಬ್ಬ ಮನ್ಸನ್ಗೆ ಇರೋದು ಒಂದೇ ಬಾಯಿ. ಮೂರ್ ಲೋಟ ಯಾಕಪ್ಪ?"

ಹುಡುಗ ತಾಳ್ಮೆಯಿಂದ ಪುಸ್ತಕದ ಕನ್ನಡದಲ್ಲಿ ವಿವರಿಸಿದ: "ಒಂದು ನೀರಿಗೆ. ಉಳಿದೆರಡು ದ್ರಾಕ್ಷಿಯ ಮದ್ಯಕ್ಕೆ. ಬೇಡವೆಂದರೆ ಲೋಟದ ಮೇಲೆ ಕೈ ಇಟ್ಟರೆ ಸಾಕು, ಬಡಿಸುವವರು ಮುಂದೆ ಹೋಗುತ್ತಾರೆ."

ಅಷ್ಟು ಸಾಕಾಯಿತು. ದೊಡ್ಡಪ್ಪ ಎರಡು ಅಂಗೈಯನ್ನೂ ಅಗಲಿಸಿ ಮೂರು ಲೋಟವನ್ನೂ ಮುಚ್ಚಿ ಕೂತರು. ವೈನು ಬಂತು, ಹೋಯಿತು. ನೀರು ಬಂತು, ಅದೂ ಹೋಯಿತು. ಸೂಪು ಆರಿತು. ತಿನ್ನಲು ಕೈ ಎಲ್ಲಿದೆ? ನಾನು ಬ್ರೆಡ್ಡಿನ ಚೂರು ಮುರಿದು ಅವರ ಬಾಯಿಗೆ ಹಿಡಿದೆ. ಅದನ್ನೂ ಮೊದಲು ನನಗೆ ತಿನ್ನಿಸಿ ನೋಡಿದರು! ಕೋಳಿಯ ತುಂಡಿಗೆ ಹಾಕಿದ್ದ ಮೆಣಸು ನೆತ್ತಿಗೇರಿ ಕಣ್ಣಲ್ಲಿ ನೀರು ಬಂದರೂ ಕೈ ತೆಗೆಯಲಿಲ್ಲ. ನಡುನಡುವೆ ಕಿಟಕಿಯತ್ತ ಕತ್ತು ಚಾಚಿ, ದಡದ ಕ್ರೇನು ಇದ್ದಲ್ಲೇ ಇದೆಯೇ ಎಂದು ಖಾತ್ರಿ ಮಾಡಿಕೊಳ್ಳುತ್ತಿದ್ದರು.

ಅಷ್ಟರಲ್ಲಿ ಕ್ಯಾಪ್ಟನ್ ಎದ್ದು ಏನೋ ಎರಡು ಮಾತಾಡಿದ. ಎಲ್ಲರೂ ಎದ್ದು ಮೌನವಾಗಿ ನಿಂತರು. ದೊಡ್ಡಪ್ಪ ಗಾಬರಿಯಾಗಿ ತಾವೂ ಎದ್ದು, ತಲೆ ತಗ್ಗಿಸಿ, "ಯಾರ್ ಓಗ್ಬುಟ್ರು?" ಎಂದು ಪಿಸುಗುಟ್ಟಿದರು.

ಯಾರೂ ಹೋಗಿರಲಿಲ್ಲ. ಶುಭ ಕೋರಿ ಕುಡಿಯುವ ಪದ್ಧತಿ ಅದು. ತಲೆ ಎತ್ತಿ ನೋಡಿದರೆ ಎದುರಿಗೆ ನಮ್ಮ ಹುಡುಗ, ಹೊಂಬಣ್ಣದ, ನೊರೆನೊರೆಯಾಗಿ ಗುಳ್ಳೆ ಏಳುವ ಲೋಟ ಹಿಡಿದು ಗುಟುಕರಿಸುತ್ತಿದ್ದಾನೆ!

ತಂಗಿಯ ಮುಖ ನನ್ನ ಕಣ್ಣೆದುರು ಬಂತು. ದೊಡ್ಡಪ್ಪ ಮೇಜಿನ ಮೇಲೆ ಬಾಗಿ, "ಕೊಡಿಲ್ಲಿ" ಎಂದು ಲೋಟ ಕಿತ್ತುಕೊಂಡರು. ಮೂಸಿದರು. ಬೆರಳದ್ದಿ ನೆಕ್ಕಿದರು. ಬಾಯಾರಿಕೆಯೋ ತನಿಖೆಯೋ, ಒಂದೇ ಗುಟುಕಿಗೆ ಖಾಲಿ ಮಾಡಿದರು. ಅಕ್ಕಪಕ್ಕದ ದೊರೆಸಾನಿಯರು ಎತ್ತಿದ ಲೋಟ ಕೆಳಗಿಳಿಸಿ ನೋಡಿದರು.

"ಸುಂಠಿ!" ಎಂದರು ದೊಡ್ಡಪ್ಪ. "ಬರೀ ಸುಂಠಿ ಸೋಡಾ!"

ಇಲ್ಲಿಗೆ ಮುಗಿಯಿತೆಂದುಕೊಂಡಿರಾ? ನಿಮಗೆ ನಮ್ಮ ದೊಡ್ಡಪ್ಪ ಗೊತ್ತಿಲ್ಲ. "ಇವತ್ ನಾವ್ ಬತ್ತೀವಿ ಅಂತ ಸುಂಠಿ. ದಿನಾ ಏನು?" ಎಂದು ನನ್ನ ಮೂಲಕ ಬಡಿಸುವವನನ್ನು ಕೇಳಿಸಿದರು. ಅವನು ನಕ್ಕು, ಈ ಸಾಹೇಬರು ಎಂದೂ ಇದನ್ನೇ ಕುಡಿಯುವುದು, ಹಡಗಿನವರೆಲ್ಲ ಇವರನ್ನು ಗೇಲಿ ಮಾಡುತ್ತಾರೆ ಎಂದ. ಅದನ್ನು ಕನ್ನಡಕ್ಕೆ ತಿರುಗಿಸಿದೆ.

"ಅವ್ನು ಏಳಿದ್ದನ್ನೇ ಏಳ್ತಿದ್ದೀಯೇನ್ಲಾ ನೀನು?"

ಕಡೆಗೆ ಹುಡುಗನತ್ತಲೇ ತಿರುಗಿದರು. ಕೊನೆಯ ಬಾಣ ಅದು. "ಸರಿ ಕಣಪ್ಪ. ಜರ ಬಂದಾಗ? ಅಡಗ್ನಲ್ಲಿ ಜರಕ್ಕೆ ಬ್ರಾಂದಿ ಕೊಡ್ತಾರಂತಲ್ಲ, ಆಗ ಕುಡಿಯಲ್ವಾ? ಯಾರ್ ಕೊಡ್ತಾರೆ? ನಿಜ ಏಳು."

ಅಷ್ಟು ಹೊತ್ತು ಪುಸ್ತಕದ ಕನ್ನಡ ಆಡುತ್ತಿದ್ದವನು ತಟ್ಟನೆ ಮಳವಳ್ಳಿಯವನಾದ.

"ಯಾರವ್ರೆ ಗೌಡ್ರೆ ಕೊಡಕ್ಕೆ? ಬಾಗ್ಲು ಆಕ್ಕೊಂಡು ಮಲೀಕತೀನಿ. ಒಂದೊಂದ್ಸಲ ಅವ್ವಾ ಅಂತ ಕೂಗ್ತೀನಿ. ಎಂಜಿನ್ ಸದ್ಗೆ ನಂಗೇ ಕೇಳ್ಸಲ್ಲ."

ದೊಡ್ಡಪ್ಪ ಅವನನ್ನೇ ನೋಡಿದರು. ಆಮೇಲೆ ಅವರ ಕೈ ಮೇಜು ದಾಟಿ ಹೋಗಿ ಹುಡುಗನ ಹಣೆಯ ಮೇಲೆ ಕೂತಿತು, ಈಗಲೂ ಜ್ವರ ಇದೆಯೇನೋ ಎಂಬಂತೆ. ಆ ಸಂಜೆ ಮತ್ತೆ ಏನನ್ನೂ ಕೇಳಲಿಲ್ಲ.

ಊರಿಗೆ ಬಂದಾಗ ದೊಡ್ಡಮ್ಮ ಜಗುಲಿಯ ಮೇಲೆಯೇ ಕಾದಿದ್ದರು. ತಂಗಿ ಬಾಗಿಲ ಹಿಂದೆ ನಿಂತಿದ್ದಳು.

"ಏನಾಯ್ತು? ಕುಡೀತಾನಾ?"

ದೊಡ್ಡಪ್ಪ ಬೂಟು ಬಿಚ್ಚುತ್ತಾ, ತಲೆಯೆತ್ತದೆ ಹೇಳಿದರು:

"ಮದ್ವೆ ಬಿರ್ರನೆ ಮಾಡ್ಬುಡಾನ ಕಣಮ್ಮಿ. ಮಗ ಒಬ್ನೇ ಅವ್ನೆ ಅಲ್ಲಿ."